ಜಮಖಾನೆಯ ಮೇಲಿನ ಆರಾಧನೆ

ಎಳ್ಳ ಅಮಾವಾಸ್ಯೆಯೂ ಕ್ರಿಸ್ಮಸ್ಸೂ ಒಂದರ ಬೆನ್ನಿಗೆ ಒಂದು ಬರುವ ವರ್ಷ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಉಸಿರು ಬಿಡಲು ಪುರಸೊತ್ತು ಇರುವುದಿಲ್ಲ. ಒಂದು ಮನೆಯಲ್ಲಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿಯುವ ಸಪ್ಪಳ, ಇನ್ನೊಂದರಲ್ಲಿ ಕರ್ಚಿಕಾಯಿಗೆಂದು ಒಣಕೊಬ್ಬರಿ ಹೆರೆಯುವ ಸಪ್ಪಳ. ಪುಂಡಿಪಲ್ಯ ಕುದಿಯುವ ಹುಳಿ ವಾಸನೆಗೆ ಎದುರು ಮನೆಯ ಚಕ್ಕಲಿ ಎಣ್ಣೆಯ ವಾಸನೆ ಬಂದು ಕೂಡುತ್ತದೆ. 2019ರಲ್ಲಂತೂ ಡಿಸೆಂಬರ್ 26ರ ಅಮಾವಾಸ್ಯೆಗೆ ಸೂರ್ಯಗ್ರಹಣವೂ ಹಿಡಿದಿತ್ತು. ಗ್ರಹಣದ ಹೊತ್ತಿಗೆ ಒಲೆ ಹಚ್ಚುವಂತಿಲ್ಲ ಎಂದು ಪಕ್ಕದ ಮನೆಯ ಅಕ್ಕ ಹಿಂದಿನ ದಿನವೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದರು. ಆ ದಿನ ನಮಗೆ ಕ್ರಿಸ್ಮಸ್. ಅವರ ಮನೆಯ ಮಾದಲಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ ಈ ಕಡೆ ಬಂದವು. ನಮ್ಮ ಕರ್ಚಿಕಾಯಿ, ಶಂಕರಪಾಳಿ, ಬೇಸನ್ ಉಂಡಿ ಆ ಕಡೆ ಹೋದವು. ಇಬ್ಬರ ಮನೆಯಲ್ಲೂ ರಾತ್ರಿ ಊಟಕ್ಕೆ ಕೂತಾಗ ತಾಟಿನಲ್ಲಿ ಎರಡೂ ಹಬ್ಬ ಇದ್ದವು.

ಬೈಲಹೊಂಗಲದ ಬೇಕರಿಗಳಲ್ಲಿ ಈಗ ಡಿಸೆಂಬರಿನಲ್ಲಿ ಕೇಕು ಸಾಲಾಗಿ ಇಟ್ಟಿರುತ್ತಾರೆ. ಮಕ್ಕಳಿಗೆ ಬೇಕು, ತರುತ್ತೇವೆ. ಆದರೆ ನನಗೆ ಹಬ್ಬ ಬಂತು ಅನ್ನಿಸುವುದು ಕರ್ಚಿಕಾಯಿಯ ಅಂಚು ಕೊರೆಯುವ ಆ ಪುಟ್ಟ ಗಾಲಿಯನ್ನು ಕಪಾಟಿನಿಂದ ಹೊರಗೆ ತೆಗೆದಾಗಲೇ. ವರ್ಷಕ್ಕೆ ಎರಡು ಸಲ ಅದಕ್ಕೆ ಕೆಲಸ. ದೀಪಾವಳಿಗೆ ಅಕ್ಕನ ಮನೆಗೆ ಹೋಗುತ್ತದೆ, ಕ್ರಿಸ್ಮಸ್ಸಿಗೆ ನಮ್ಮಲ್ಲಿಗೆ ಮರಳುತ್ತದೆ. ಅದರ ಸಂಗಡ ಅಕ್ಕನೂ ಬರುತ್ತಾರೆ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಲಟ್ಟಣಿಗೆ. ‘ಹೂರಣ ಭಾಳ ತುಂಬಬ್ಯಾಡ್ರೀ ವೈನಿ, ಎಣ್ಣ್ಯಾಗ ಬಾಯಿ ಬಿಡ್ತಾವು’ ಎಂದು ಪ್ರತಿ ವರ್ಷ ಹೇಳುತ್ತಾರೆ. ಪ್ರತಿ ವರ್ಷ ಆ ಮಾತು ಕೇಳದೆ ಬಾಣಲೆ ಒಲೆಯ ಮೇಲೆ ಇಡಲು ನನಗೆ ಮನಸ್ಸಾಗುವುದಿಲ್ಲ.

ಹೀಗೆ ಬರೆದರೆ ಎಲ್ಲ ಮೊದಲಿನಿಂದ ಹೀಗೇ ಇತ್ತೆಂದು ಓದುವವರು ತಿಳಿಯಬಾರದು. ಸಂಪಗಾಂವ ಸೀಮೆಯ ಹಳ್ಳಿಯೊಂದರಲ್ಲಿದ್ದ ನಮ್ಮ ಅಜ್ಜಿ ಹಬ್ಬಕ್ಕೆ ಊರಿನ ದೊಡ್ಡ ಮನೆಗಳಿಗೆ ಕಳಿಸುತ್ತಿದ್ದುದು ಬೇಯಿಸದ ಸಾಮಾನು: ಒಂದು ಗಿಟಕ ಕೊಬ್ಬರಿ, ಒಂದು ಉಂಡೆ ಬೆಲ್ಲ, ಸೇರು ಗೋದಿ. ನಮ್ಮ ಕೇರಿಯ ಒಲೆಯ ಮೇಲೆ ಬೆಂದದ್ದನ್ನು ಅವರು ಉಣ್ಣುವಂತಿರಲಿಲ್ಲ. ಅಜ್ಜಿ ಅದನ್ನು ತಿಳಿದೇ ಕಳಿಸುತ್ತಿದ್ದಳು. ಹಬ್ಬದ ದಿನ ಯಾರ ಮನೆಗೂ ಏನೂ ಕಳಿಸದೆ ತಾನೊಬ್ಬಳೇ ಉಣ್ಣುವುದು ಅವಳಿಗೆ ಆಗದ ಮಾತು. ನಮ್ಮ ಅವ್ವನ ಕಾಲಕ್ಕೆ ಶಾಲೆಯ ಗೆಳತಿಯರು ಹಿತ್ತಿಲ ಬಾಗಿಲಿಗೆ ಬಂದು ಚಕ್ಕಲಿ ತಿಂದು ಬಾಯಿ ಒರೆಸಿಕೊಂಡು ಹೋಗುತ್ತಿದ್ದರಂತೆ. ನನ್ನ ಕಾಲಕ್ಕೆ ಡಬ್ಬಿ ತಲಬಾಗಿಲಿಂದಲೇ ಹೋಗಿ ಬರುತ್ತಿದೆ. ಒಂದು ಗಿಟಕ ಕೊಬ್ಬರಿ ಕರ್ಚಿಕಾಯಿಯಾಗಿ ಎದುರು ಮನೆ ಮುಟ್ಟಲು ಮೂರು ತಲೆಮಾರು ಹಿಡಿಯಿತು. ಎಲ್ಲ ಹಳ್ಳಿಗಳಲ್ಲಿ ಇನ್ನೂ ಮುಟ್ಟಿಲ್ಲ ಎಂಬುದೂ ನನಗೆ ಗೊತ್ತು.

ನಮ್ಮದು ಮೆಥೊಡಿಸ್ಟ್ ಸಭೆ. ಬೆಳಗಾವಿಗೆ 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಂದರು. ಅದಕ್ಕೂ ಮೊದಲು, 1810ರಲ್ಲೇ, ಅದೇ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿ, ಮುಂದೆ ಬೈಬಲನ್ನು ಕನ್ನಡಕ್ಕೆ ತಂದಿದ್ದರು. 1904ರಲ್ಲಿ ಬೆಳಗಾವಿಯ ಕೆಲಸವನ್ನು ಲಂಡನ್ನಿನವರು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. ಇತಿಹಾಸ ಇಷ್ಟು. ಇದರಲ್ಲಿ ನಮ್ಮ ಕೇರಿಯವರ ಹೆಸರಿಲ್ಲ. ಸೆಖೆಯಲ್ಲಿ, ಮಳೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಬೋಧಿಸಿದ ಕನ್ನಡದ ಉಪದೇಶಿಗಳ ಹೆಸರೂ ಇಲ್ಲ. ಪರದೇಶದ ಪಾದ್ರಿ ತಿಂಗಳಿಗೊಮ್ಮೆ ಕುದುರೆಯ ಮೇಲೆ ಬಂದು ಹೋದರೆ, ಜ್ವರ ಬಂದ ಮನೆಯಲ್ಲಿ ರಾತ್ರಿ ಕಳೆದವರು, ಲಾಟೀನಿನ ಬೆಳಕಿನಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವರು ಈ ಉಪದೇಶಿಗಳೇ. ನಂಬಿಕೆಯನ್ನು ನಮ್ಮ ಮನೆಯ ಹೊಸ್ತಿಲು ದಾಟಿಸಿದವರೆಂದು ನಾನು ನೆನೆಯುವುದು ಅವರನ್ನು.

ನಮ್ಮ ಹಳ್ಳಿಯ ಗುಡಿಯೊಳಗೆ, ಹೌದು, ನಮ್ಮ ಹಿರಿಯರು ಅದನ್ನು ಗುಡಿ ಎಂದೇ ಕರೆಯುತ್ತಿದ್ದರು, ಬೆಂಚುಗಳಿರಲಿಲ್ಲ. ನೆಲದ ಮೇಲೆ ನವಲಗುಂದದ ಪಟ್ಟೆ ಪಟ್ಟೆ ಜಮಖಾನೆ. ಚಪ್ಪಲಿ ಹೊರಗೆ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ತಲೆಯ ಮೇಲೆ ಸೆರಗು. ಮುಂದೆ ಒಂದು ಮೇಜು, ಮೇಲೆ ಬಿಳಿ ಬಟ್ಟೆ, ಬೈಬಲ್ಲು, ಹಿತ್ತಾಳೆಯ ಬಟ್ಟಲು. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ, ತಾಳ. ಹಾರ್ಮೋನಿಯಂ ನುಡಿಸುತ್ತಿದ್ದ ಕಾಕಾ ಶ್ರಾವಣದಲ್ಲಿ ಊರಿನ ಮಠದ ಭಜನೆಗೂ ಹೋಗುತ್ತಿದ್ದರು, ಅಲ್ಲಿಯ ತಬಲಾದವರು ಗುಡ್ ಫ್ರೈಡೆಗೆ ನಮ್ಮಲ್ಲಿಗೆ ಬರುತ್ತಿದ್ದರು. ಹಾಡಿನ ಮಾತು ಬೇರೆ, ಧಾಟಿ ಒಂದೇ. ಗುಡ್ ಫ್ರೈಡೆಯ ಮಧ್ಯಾಹ್ನ ಆ ಧಾಟಿಯಲ್ಲಿ ಕ್ರಿಸ್ತನ ಯಾತನೆಯ ಹಾಡು ಏಳುವಾಗ ಹೊರಗೆ ಬೇವಿನ ಮರದ ಕೆಳಗೆ ಊರವರು ನಿಂತು ಕೇಳುತ್ತಿದ್ದರು. ಮಗುವಿಗೆ ದೀಕ್ಷಾಸ್ನಾನ ಇದ್ದ ದಿನ ಆ ಹಿತ್ತಾಳೆಯ ಬಟ್ಟಲಿಗೆ ತುಂಬುತ್ತಿದ್ದುದು ಮಲಪ್ರಭೆಯ ನೀರು. ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥ ದಾಟಿ, ರಾಮದುರ್ಗದ ಬದಿಯಿಂದ ಹರಿದು ಹೋಗುವ ಅದೇ ಹೊಳೆ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಎತ್ತು ನೀರು ಕುಡಿಯುವುದೂ ಅದರಲ್ಲೇ. ಯೊರ್ದಾನ್ ಹೊಳೆಯ ಮಾತು ಪಾದ್ರಿಗಳು ಓದುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಮಲಪ್ರಭೆಯೇ. ಈಗಲೂ ಅದೇ ಬರುತ್ತದೆ.

ಅವ್ವನ ಪ್ರಾರ್ಥನೆಗೆ ಗುಡಿಯ ಹೊತ್ತೆಂಬುದು ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಂದು ಕೀರ್ತನೆ ಓದಿಸಿ ಕಣ್ಣು ಮುಚ್ಚಿದರೆ ಊರಿನ ಸುದ್ದಿಯೆಲ್ಲ ದೇವರ ಕಿವಿಗೆ ಬೀಳುತ್ತಿತ್ತು. ಬೆಳಗಾವಿ ದವಾಖಾನೆಯಲ್ಲಿರುವ ಮಾವ, ಗಬ್ಬಾದ ಗೌಡರ ಎಮ್ಮೆ, ಸಂತೆಯಲ್ಲಿ ಹತ್ತಿಯ ಧಾರಣಿ ಬೀಳದಂತೆ ನೋಡಿಕೊಳ್ಳಬೇಕೆಂಬ ಬೇಡಿಕೆ, ಗಂಡನ ಮನೆಯಿಂದ ಅಳುತ್ತ ಬಂದ ಬಡಿಗೇರರ ಮಗಳು, ಮಳೆ. ಮಳೆಯನ್ನು ಮಾತ್ರ ಹೆಸರು ಹಿಡಿದು ಬೇಡುತ್ತಿದ್ದಳು: ರೋಹಿಣಿ, ಮಿರಗ, ಆರಿದ್ರ. ನಕ್ಷತ್ರದ ಲೆಕ್ಕದಲ್ಲಿ ಮಳೆ ಕೇಳಬಾರದೆಂದು ಒಮ್ಮೆ ಬೋಧಕರೊಬ್ಬರು ತಿದ್ದಲು ನೋಡಿದರು. ‘ಯಪ್ಪಾ, ನಕ್ಷತ್ರ ಮಾಡಿದಾಂವಾ ಅಂವನಾ ಅಲ್ಲೇನ್ರೀ?’ ಎಂದಳು ಅವ್ವ. ಬೋಧಕರು ಮುಂದೆ ಮಾತು ಬೆಳೆಸಲಿಲ್ಲ. ನಾನು ದೇವಶಾಸ್ತ್ರದ ಪುಸ್ತಕಗಳನ್ನು ಒಂದಿಷ್ಟು ಓದಿದ್ದೇನೆ. ಅವ್ವನ ಆ ಒಂದು ಮಾತಿಗಿಂತ ಗಟ್ಟಿಯಾದ ಉತ್ತರ ಅವುಗಳಲ್ಲಿ ಸಿಕ್ಕಿಲ್ಲ.

ನಮ್ಮ ಸಭೆಯ ವರ್ಷದಲ್ಲಿ ನನಗೆ ಕ್ರಿಸ್ಮಸ್ಸಿಗಿಂತ ಪ್ರೀತಿಯದು ಸುಗ್ಗಿ ಆರಾಧನೆ. ರಾಶಿ ಮುಗಿದ ಮೇಲೆ ಒಂದು ಭಾನುವಾರ ಬೆಳೆದವರು ಬೆಳೆದದ್ದರಲ್ಲಿ ಮೊದಲ ಪಾಲು ತಂದು ಆ ಮೇಜಿನ ಮುಂದೆ ಇಡುತ್ತಾರೆ. ಬಿಳಿಜೋಳದ ತೆನೆಯ ಸಿವುಡು, ಗೋವಿನಜೋಳ, ಹಸಿರು ಹಸಿರು ಕಡಲೆಗಿಡ, ಕಬ್ಬು, ಕುಂಬಳಕಾಯಿ, ಪೆಂಟೆ ಬೆಲ್ಲ, ಅರಳೆ ತುಂಬಿದ ಬುಟ್ಟಿ, ಕಾಲು ಕಟ್ಟಿದ ಕೋಳಿ. ಹೊಲವಿಲ್ಲದವರು ಕೂಲಿಯಲ್ಲಿ ಬಂದ ಕಾಳು ತರುತ್ತಾರೆ. ಆ ದಿನ ಗುಡಿಯ ತುಂಬ ಕಣದ ವಾಸನೆ. ಪ್ರಸಂಗದ ನಡುವೆ ಕೋಳಿ ಕೂಗುತ್ತದೆ, ಯಾರೂ ಬೇಸರಪಡುವುದಿಲ್ಲ. ಆಶೀರ್ವಾದ ಮುಗಿದ ಮೇಲೆ ಎಲ್ಲವನ್ನೂ ಅಂಗಳಕ್ಕೆ ತಂದು ಲಿಲಾವು ಹಚ್ಚುತ್ತಾರೆ. ಬಂದ ಹಣ ಗುಡಿಯ ಖರ್ಚಿಗೆ, ಬಡವರ ಮನೆಯ ಮದುವೆಗೆ, ಮಣ್ಣಿಗೆ.

ಲಿಲಾವಿಗೆ ಊರಿಗೆ ಊರೇ ಬರುತ್ತದೆ. ಗೊಬ್ಬರದಂಗಡಿಯವರು, ಪಂಚಾಯ್ತಿ ಮೆಂಬರು, ಮಸೂತಿ ಓಣಿಯ ಹುಡುಗರು, ಗೌಡರ ಮನೆಯ ಆಳುಗಳು, ಒಮ್ಮೊಮ್ಮೆ ಗೌಡರೇ. ಪೇಟೆಯಲ್ಲಿ ಐವತ್ತಕ್ಕೆ ಸಿಗುವ ಕುಂಬಳಕಾಯಿ ಇಲ್ಲಿ ಐನೂರಕ್ಕೆ ಏರುತ್ತದೆ. ಒಂದು ವರ್ಷ ವಿಧವೆ ಮುದುಕಿಯೊಬ್ಬಳು ಒಂದೇ ಒಂದು ತತ್ತಿ ತಂದು ಮೇಜಿನ ಮೂಲೆಯಲ್ಲಿಟ್ಟಿದ್ದಳು. ಲಿಲಾವಿನಲ್ಲಿ ಅದನ್ನು ಕೂಗಿ ಕೊಂಡ ಶೇಂಗಾ ವ್ಯಾಪಾರಿ ರೊಕ್ಕ ಕೊಟ್ಟು, ತತ್ತಿಯನ್ನು ಮರಳಿ ಮೇಜಿನ ಮೇಲಿಟ್ಟರು: ‘ಇನ್ನೊಮ್ಮಿ ಕೂಗ್ರಿ.’ ಇನ್ನೊಬ್ಬರು ಕೊಂಡರು, ಅವರೂ ಮರಳಿಸಿದರು. ಹೀಗೆ ಆ ತತ್ತಿ ಅಂಗಳದ ತುಂಬ ಕೈಯಿಂದ ಕೈಗೆ ತಿರುಗಿತು. ಕೊನೆಗೆ ಅದನ್ನು ಆ ಮುದುಕಿಯ ಸೆರಗಿಗೇ ಹಾಕಿದರು. ಒಡೆಯದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮನೆಗೆ ನಡೆದಳು. ಎರಡು ಕಾಸು ಹಾಕಿದ ಬಡ ವಿಧವೆಯ ಮಾತು ಸುವಾರ್ತೆಯಲ್ಲಿ ಬರುತ್ತದೆ. ಆ ಭಾನುವಾರ ಪಾದ್ರಿಗಳು ಓದಿದ್ದು ಬೇರೆ ಪಾಠ. ಆದರೂ ಅಂಗಳದಲ್ಲಿ ನಿಂತವರು, ಯಾವ ದೇವರ ಮಂದಿಯೇ ಇರಲಿ, ಅದನ್ನೇ ಓದಿಕೊಂಡರು.

ಈ ಸೀಮೆಯಲ್ಲಿ ಹುಟ್ಟಿದ ಕ್ರೈಸ್ತರ ಮೈಯಲ್ಲಿ ಇನ್ನೊಂದು ನೆನಪೂ ಇದೆ. ಟೇಲರ್ ಬೆಳಗಾವಿಗೆ ಬಂದ ನಾಲ್ಕು ವರ್ಷಕ್ಕೆ, 1824ರ ಅಕ್ಟೋಬರ್ 23ರಂದು, ಕಿತ್ತೂರು ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದ. 1829ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ಕಣ್ಣು ಮುಚ್ಚಿದಳು. 1831ರಲ್ಲಿ ಅವಳ ಪರ ಬಂಡೆದ್ದ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಬಿಳಿಯರು ತಂದ ಧರ್ಮದವರು ನೀವು ಎಂದು ಶಾಲೆಯಲ್ಲಿ ಯಾರಾದರೂ ಅಂದರೆ ನಮ್ಮ ಅಪ್ಪ ಸಿಟ್ಟಾಗುತ್ತಿರಲಿಲ್ಲ. ‘ಯೇಸು ಹುಟ್ಟಿದ್ದು ಬೆತ್ಲೆಹೇಮಿನ ದನದ ಕೊಟ್ಟಿಗ್ಯಾಗ, ಲಂಡನ್ನಿನ್ಯಾಗ ಅಲ್ಲ’ ಎಂದು ಹೇಳಿಕೊಟ್ಟಿದ್ದರು. ಅವನನ್ನು ಶಿಲುಬೆಗೆ ಹಾಕಿದ್ದೂ ಪರರಾಜ್ಯದವರ ಸರ್ಕಾರವೇ ಎಂದು ನೆನಪಿಸುತ್ತಿದ್ದರು. ಬೈಲಹೊಂಗಲದಲ್ಲಿ ಸಂತೆಗೆ ಹೋದಾಗಲೆಲ್ಲ ನಮ್ಮನ್ನು ಚೆನ್ನಮ್ಮನ ಸಮಾಧಿಗೆ ಕರೆದುಕೊಂಡು ಹೋಗಿ, ಟೋಪಿ ತೆಗೆದು ನಿಲ್ಲುತ್ತಿದ್ದರು. ಗುಡಿಯಲ್ಲಿ ನಿಲ್ಲುವ ಹಾಗೆಯೇ. ನನಗೆ ಎರಡೂ ನಿಲುವು ಅಲ್ಲಿಂದ ಬಂದವು, ಒಂದನ್ನು ಇನ್ನೊಂದಕ್ಕಾಗಿ ಬಿಡಬೇಕೆಂದು ಎಂದೂ ಅನ್ನಿಸಿಲ್ಲ.

ಧಾರವಾಡ ಸೀಮೆಯಲ್ಲಿ ಎರಡನ್ನೂ ಬಿಡದ ಈ ಬಾಳನ್ನು ನನಗಿಂತ ಬಹಳ ಮೊದಲು, ಬಹಳ ಆಳವಾಗಿ ಬದುಕಿ ತೋರಿಸಿದವರು ರೆವರೆಂಡ್ ಚನ್ನಪ್ಪ ಉತ್ತಂಗಿ. 1881ರಲ್ಲಿ ಹುಟ್ಟಿದ ಅವರು ಬಾಸೆಲ್ ಮಿಶನ್ನಿನ ಪಾದ್ರಿ. ಜನರ ಬಾಯಲ್ಲಿ, ಹಳೆಯ ಪ್ರತಿಗಳಲ್ಲಿ ಚದುರಿ ಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ತಮ್ಮನ್ನು ತಿರುಳ್ಗನ್ನಡದ ತಿರುಕ ಎಂದು ಕರೆದುಕೊಂಡರು. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಅವರ ಹೊತ್ತಿಗೆಯ ಹೆಸರನ್ನೇ ನೋಡಿ: ಒಂದು ಪುಣ್ಯಕ್ಷೇತ್ರ ಇನ್ನೊಂದರ ಮುಂದೆ ಕೈ ಮುಗಿದು ನಿಂತು ಮಾತಾಡುತ್ತಿದೆ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ವಚನ, ತ್ರಿಪದಿ ಓದಿದ್ದರಿಂದ ಅವರ ಕ್ರಿಸ್ತಭಕ್ತಿ ಸಡಿಲಾಗಲಿಲ್ಲ. ನಮ್ಮ ಮಕ್ಕಳ ಭಾನುವಾರ ಶಾಲೆಯಲ್ಲಿ ದಾವೀದನ ಕೀರ್ತನೆಯ ಜೊತೆಗೆ ಉತ್ತಂಗಿಯವರ ಕಥೆಯನ್ನೂ ಹೇಳಬೇಕು ಎನ್ನುವುದು ನನ್ನ ಬಹುದಿನದ ಹಟ.

ಬೈಲಹೊಂಗಲ ತಾಲೂಕಿನ ದೇಶನೂರಿಗೆ ಹೋದವರಿಗೆ ಇದರ ಇನ್ನೊಂದು ರೂಪ ಸಿಗುತ್ತದೆ. ಅಲ್ಲಿ ಯೇಸುಸಭೆಯ ಗುರುಗಳು ಕಾವಿ ಉಟ್ಟಿದ್ದಾರೆ, ಮಾಂಸ ಮುಟ್ಟುವುದಿಲ್ಲ, ಅವರ ಮನೆಗೆ ವಿರಕ್ತಮಠವೆಂದು ಹೆಸರು, ಸುತ್ತಿನ ಜನ ಅವರನ್ನು ಕರೆಯುವುದು ಸ್ವಾಮೀಜಿ ಎಂದೇ. ಇದು ಹೊಸ ದಾರಿಯಲ್ಲ. 1606ರಲ್ಲಿ ಮದುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು ಸನ್ಯಾಸಿಯ ಹಾಗೆ ಬದುಕಿದ್ದ. ಅದನ್ನು ವೇಷವೆಂದು ಶಂಕಿಸುವವರು ಎರಡೂ ಕಡೆ ಇದ್ದಾರೆ: ಕ್ರೈಸ್ತರಲ್ಲಿ ಕೆಲವರು ಇದು ಅತಿಯಾಯಿತು ಎನ್ನುತ್ತಾರೆ, ಹೊರಗಿನವರಲ್ಲಿ ಕೆಲವರು ಇದು ಬಲೆ ಎನ್ನುತ್ತಾರೆ. ನನ್ನ ಮಾತು ಇಷ್ಟೇ. ಕಾವಿ ಉಟ್ಟು ಒಂದು ದಿನ ಭಾಷಣ ಮಾಡಬಹುದು. ವರ್ಷಾನುಗಟ್ಟಲೆ ಒಂದೇ ಹಳ್ಳಿಯಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ ಉಂಡು, ಊರಿನ ಸುಖದುಃಖಕ್ಕೆ ಕಿವಿಗೊಟ್ಟು ಇರುವುದು ವೇಷದಿಂದ ಆಗುವ ಕೆಲಸವಲ್ಲ. ನಮ್ಮ ಹಿರಿಯರು ತಿಳಿಯದೆ, ಬಡತನದಿಂದ ಜಮಖಾನೆಯ ಮೇಲೆ ಕೂತು ಆರಾಧಿಸಿದರು. ದೇಶನೂರಿನವರು ತಿಳಿದು, ಬೇಕೆಂದೇ ನೆಲದ ಮೇಲೆ ಕೂತಿದ್ದಾರೆ.

ಇಷ್ಟೆಲ್ಲ ಒಂದಾಗಿ ಬದುಕಿದ ಮೇಲೂ ಕಾಗದ ನಮ್ಮನ್ನು ಬೇರೆ ಮಾಡುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರೆನಿಸಿಕೊಳ್ಳಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸಲ್ಮಾನರು ಹೊರಗೇ ಉಳಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಬರುತ್ತಾರೆ. ಒಂದೇ ಕೇರಿ, ಒಂದೇ ಬಾವಿಯಿಂದ ದೂರ ನಿಲ್ಲಿಸಿಕೊಂಡ ಅಜ್ಜಂದಿರು, ಒಂದೇ ಕೂಲಿ. ಆದರೆ ಅಣ್ಣನ ಮಕ್ಕಳ ದಾಖಲೆಯಲ್ಲಿ ಒಂದು, ತಮ್ಮನ ಮಕ್ಕಳ ದಾಖಲೆಯಲ್ಲಿ ಇನ್ನೊಂದು. ಹಾಗಾಗಿ ಎಷ್ಟೋ ಮನೆಗಳಲ್ಲಿ ಮಗುವಿಗೆ ಶಾಲೆಯ ಪಟ್ಟಿಯಲ್ಲಿ ಒಂದು ಹೆಸರು, ಗುಡಿಯ ಪಟ್ಟಿಯಲ್ಲಿ ಇನ್ನೊಂದು. ಮಗಳ ಓದಿನ ಸಲುವಾಗಿ ತನ್ನ ದೇವರ ಹೆಸರನ್ನು ಕಾಗದದ ಮೇಲೆ ಬಾಯಿ ಬಿಟ್ಟು ಹೇಳಲಾಗದ ತಂದೆಯ ಸಂಕಟ ನೋಡಿದ್ದೇನೆ. ಅವನನ್ನು ಅಪ್ರಾಮಾಣಿಕ ಎನ್ನುವವರು ಒಂದು ಹೊತ್ತು ಅವನ ಮನೆಯಲ್ಲಿ ಕೂತು ಬರಲಿ.

2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ತಡೆಯುವ ವಿಧೇಯಕಕ್ಕೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಹಬ್ಬಕ್ಕೆ ಎರಡೇ ದಿನ. ಟಿವಿಯಲ್ಲಿ ಮಾತು ಏರುತ್ತಿತ್ತು. ಆ ಸಲ ಭಜನೆ ಮಾಡುತ್ತ ಮನೆ ಮನೆಗೆ ಹೋಗಬೇಕೋ ಬೇಡವೋ ಎಂದು ನಮ್ಮ ಹುಡುಗರು ಅಳುಕುತ್ತಿದ್ದರು. ಸಂಜೆ ಅಕ್ಕ ಎಂದಿನಂತೆ ಲಟ್ಟಣಿಗೆ ಹಿಡಿದು ಬಂದರು. ಟಿವಿ ಕಡೆ ನೋಡಿದರು. ‘ಅದನ್ನ ಬಂದ್ ಮಾಡ್ರಿ ವೈನಿ, ಹಿಟ್ಟು ಆರತೈತಿ’ ಎಂದರು. ಕೂತು ಲಟ್ಟಿಸತೊಡಗಿದರು. ಹುಡುಗರು ಆ ರಾತ್ರಿ ಲಾಟೀನು, ಹಾರ್ಮೋನಿಯಂ ಹೊತ್ತು ಹಾಡುತ್ತ ಹೊರಟರು. ಮೊದಲು ನಿಂತದ್ದು ಅಕ್ಕನ ಮನೆಯ ಕಟ್ಟೆಯ ಮುಂದೆ.

ಇನ್ನು ಸಾವಿನ ಮಾತು. ನಮ್ಮ ಸೀಮೆಯಲ್ಲಿ ಲಿಂಗಾಯತರೂ ಹೂಳುತ್ತಾರೆ, ಮುಸಲ್ಮಾನರೂ ಹೂಳುತ್ತಾರೆ, ನಾವೂ ಹೂಳುತ್ತೇವೆ. ಲಿಂಗಾಯತರು ವಿಭೂತಿ, ಪತ್ರಿ ಇಟ್ಟು ಕೂಡಿಸುತ್ತಾರೆ, ನಾವು ಮಲಗಿಸಿ ಕೊನೆಯ ದಿನದ ಪುನರುತ್ಥಾನಕ್ಕೆ ಕಾಯುತ್ತೇವೆ. ಮಣ್ಣು ಹಾಕುವ ಕೈಗಳಿಗೆ ಭೇದವಿಲ್ಲ. ಅವ್ವ ತೀರಿಕೊಂಡ ರಾತ್ರಿ ನಮ್ಮ ಗುಡಿಯವರು ಹಾಡಿದರು, ಅವರ ಕೊರಳು ಸೋತ ಮೇಲೆ ಮಠದ ಭಜನೆಯವರು ಬೆಳಗಿನವರೆಗೂ ಹಾಡಿದರು. ಮರುದಿನ ಬಡಿಗೇರರು ಪೆಟ್ಟಿಗೆ ಮಾಡಿ ತಂದವರು ಕೂಲಿ ಮುಟ್ಟಲಿಲ್ಲ. ಅವ್ವ ಯಾರ ಮಗಳಿಗಾಗಿ ದೀಪದ ಹೊತ್ತಿಗೆ ಬೇಡಿಕೊಂಡಿದ್ದಳೋ ಅವಳೇ ಬಂದು ತಲೆಯ ದಿಂಬು ಸರಿ ಮಾಡಿದಳು.

ಆದರೆ ಹೂಳುವ ಜಾಗ? ನಮ್ಮ ಊರಿನಲ್ಲಿ ಹಿರಿಯರ ಪುಣ್ಯ, ಹಳ್ಳದ ದಂಡೆಯಲ್ಲಿ ಒಂದಿಷ್ಟು ನೆಲವಿದೆ. ಎಷ್ಟೋ ಹಳ್ಳಿಗಳಲ್ಲಿ ಅದೂ ಇಲ್ಲ. ನಾಲ್ಕು ಮನೆಯ ಕ್ರೈಸ್ತರಿದ್ದಲ್ಲಿ ಯಾರೂ ಬೇರೆ ಜಾಗ ಕಾಣಿಸಿಲ್ಲ. ಸತ್ತಾಗ ಹೊಲದ ಬದುವಿಗೆ, ಇಲ್ಲವೇ ಸಾಲ ಮಾಡಿ ಗಾಡಿ ಹಿಡಿದು ದೂರದ ಪಟ್ಟಣಕ್ಕೆ ಒಯ್ಯಬೇಕು. ದುಃಖದ ಹೊತ್ತಿನಲ್ಲಿ ಜಾಗ ಕೇಳಿಕೊಂಡು ಅಲೆಯುವ ಗತಿ ಯಾರಿಗೂ ಬರಬಾರದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಗ್ರಾಮ ಪಂಚಾಯ್ತಿಯ ಸದಸ್ಯರಲ್ಲಿ ನನ್ನ ವಿನಂತಿ: ನಿಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಎಷ್ಟೇ ಕಡಿಮೆ ಇರಲಿ, ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ, ಗಾಂವಠಾಣದ ನಕಾಶೆ ಬಿಚ್ಚಿಸಿ ನೋಡಿ, ಅವರ ಪಾಲಿಗೆ ನಾಲ್ಕು ಗುಂಟೆ ನೆಲ ಬರೆಸಿಕೊಡಿ.